ಪಕ್ಕದ ಸೀಟಿನ ಮೂರನೆಯವನು

ಠಾಣೆಯಿಂದ ವಾಶಿಗೆ ಹೊರಡುವ ಬೆಳಗಿನ ಲೋಕಲಿನಲ್ಲಿ ನಮ್ಮದೊಂದು ಮೂಲೆಯಿದೆ. ಗಾಡಿಯ ನಡುವಿನ ಡಬ್ಬಿ, ಎಡಗಡೆಯ ಕಿಟಕಿ, ಎದುರುಬದುರು ಎರಡು ಸೀಟು. ಅದಕ್ಕೆ ‘ಕಾನಡೀ ಕಟ್ಟಾ’ ಎಂದು ಹೆಸರಿಟ್ಟವರು ನಾವಲ್ಲ, ಆಚೆ ಸಾಲಿನಲ್ಲಿ ಕೂರುವ ಮರಾಠಿಯವರು. ಹೆಸರು ನಮಗೂ ಹಿಡಿಸಿತು. ಊರಿನ ಕಟ್ಟೆ ಬಿಟ್ಟು ಬಂದವರಿಗೆ ಓಡುವ ಕಟ್ಟೆಯಾದರೂ ಸಿಕ್ಕಿತಲ್ಲ ಎಂದುಕೊಂಡೆವು.

ಆ ಕಟ್ಟೆಯ ಯಜಮಾನ ರಾಜಶೇಖರ. ಗದಗಿನ ಕಡೆಯವನು, ಠಾಕುರ್ಲಿಯಲ್ಲಿ ಮನೆ, ತುರ್ಭೆಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಸ್ಟೋರ್ಸ್ ಮ್ಯಾನೇಜರ್. ಕಾರ್ಖಾನೆಯ ಬಸ್ಸು ವಾಶಿಯಿಂದ ಹೊರಡುವುದರಿಂದ ಅವನೂ ವಾಶಿಯ ತನಕ ಬರುತ್ತಿದ್ದ. ಯಜಮಾನ ಎಂದು ಯಾರೂ ಆರಿಸಿದ್ದಲ್ಲ. ಜಗಳ ಬಂದಾಗ ಎಲ್ಲರೂ ಯಾರ ಮುಖ ನೋಡುತ್ತಾರೋ ಅವನೇ ಯಜಮಾನ. ಯಾರು ಕೂರಬೇಕು, ಯಾರು ಘನ್ಸೋಲಿಯಲ್ಲಿ ಎದ್ದು, ನಿಂತವರಿಗೆ ಜಾಗ ಬಿಡಬೇಕು, ಎಲ್ಲ ಅವನ ಕಣ್ಸನ್ನೆಯಲ್ಲೇ ಆಗುತ್ತಿತ್ತು. ಕಿಟಕಿಯ ಸೀಟು ಅವನದು. ಎದುರಿಗೆ ಮೈಸೂರಿನ ಸೂರ್ಯನಾರಾಯಣ, ಡೊಂಬಿವಲಿಯವರು, ವಾಶಿಯ ಒಂದು ಕೋಲ್ಡ್ ಸ್ಟೋರೇಜ್ ಕಂಪನಿಯಲ್ಲಿ ಲೆಕ್ಕಪತ್ರ ನೋಡುವವರು. ಅವರ ಪಕ್ಕ ನಾನು, ದೇಜಪ್ಪ. ಕಲ್ಯಾಣದಿಂದ ಹೋಗಿ ವಾಶಿ ಮಾರ್ಕೆಟಿನಲ್ಲಿ ಕಾಂದಾ ಬಟಾಟೆಯ ಸೇಠನೊಬ್ಬನ ಪೇಢಿಯಲ್ಲಿ, ಈರುಳ್ಳಿ ಆಲೂಗಡ್ಡೆಯ ಸಗಟು ಅಂಗಡಿಯಲ್ಲಿ, ಕೂರುವವನು. ನನ್ನ ಬಾಯಿ ಸ್ವಲ್ಪ ಕೆಟ್ಟದ್ದು ಎಂದು ಕಟ್ಟೆಯಲ್ಲಿ ಎಲ್ಲರಿಗೂ ಗೊತ್ತು.

ರಾಜಶೇಖರನ ಪಕ್ಕದ ಜಾಗ ಜಯಂತನದು. ಜಯಂತ ಬೆಂಗಳೂರಿನವನು, ನೌಪಾಡಾದಲ್ಲಿ ಮನೆ. ಅವನು ಈ ಗಾಡಿ ಹತ್ತಲು ಬಂದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಇಸ್ತ್ರಿ ಮಾಡಿದ ಅಂಗಿ, ಎದೆಗೆ ಅವುಚಿಕೊಂಡ ಚೀಲ, ಬಾಗಿಲಲ್ಲಿ ನಿಂತು ಎಲ್ಲರಿಗೂ ಎಕ್ಸ್‌ಕ್ಯೂಸ್ ಮಿ ಎನ್ನುತ್ತಿದ್ದ. ಲೋಕಲಿನಲ್ಲಿ ಎಕ್ಸ್‌ಕ್ಯೂಸ್ ಮಿ ಎನ್ನುವವನು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾನೆ. ಅವನು ಫೋನಿನಲ್ಲಿ ಹೆಂಡತಿಗೆ ‘ಹತ್ತಕ್ಕೇ ಬಿಡ್ತಿಲ್ಲ ಕಣೇ’ ಎಂದದ್ದು ರಾಜಶೇಖರನ ಕಿವಿಗೆ ಬಿತ್ತು. ಎದ್ದು ಹೋಗಿ ಚೀಲದ ಪಟ್ಟಿ ಹಿಡಿದು ಒಳಗೆ ಎಳೆದುಕೊಂಡು ಬಂದ.

‘ಬರ್ರಿ, ನಮ್ಮ ಕಡೆಯಾವ್ರು ಬಾಗಲಾಗ ನಿಂದ್ರಬಾರದು’ ಎಂದು ತನ್ನ ಪಕ್ಕ ಅರ್ಧ ಸೀಟು ಕೊಟ್ಟ.

ಆ ಅರ್ಧ ಸೀಟಿನಿಂದ ಬೆಳೆದ ಸ್ನೇಹ ಅದು. ಜಯಂತನಿಗೆ ಮಗಳು ಹುಟ್ಟಿದಾಗ ರಾಜಶೇಖರನ ಹೆಂಡತಿ ಬಾಣಂತಿಗೆಂದು ಅಂಟಿನುಂಡೆ ಕಟ್ಟಿಕೊಟ್ಟಳು. ಸ್ಟೀಲಿನ ಡಬ್ಬಿಯನ್ನು ಇವನು ಆ ನೂಕುನುಗ್ಗಲಿನಲ್ಲಿ ತಲೆಯ ಮೇಲೆ ಹಿಡಿದು ತಂದ. ಜಯಂತನಿಗೆ ಐರೋಳಿ ದಾಟಿದೊಡನೆ ನಿದ್ದೆ ಬರುತ್ತಿತ್ತು. ರಾಜಶೇಖರನ ಹೆಗಲ ಮೇಲೆ ತಲೆಯಿಟ್ಟು ಬಾಯಿ ತೆರೆದು ಮಲಗಿಬಿಡುತ್ತಿದ್ದ. ವಾಶಿ ಬರುವ ತನಕ ಇವನು ಆ ಹೆಗಲನ್ನು ಅಲ್ಲಾಡಿಸುತ್ತಿರಲಿಲ್ಲ. ‘ಮಗೂನ್ನ ಮಲಗಿಸ್ಕೊಂಡ ಹಾಗೆ ಕೂತಿರ್ತೀರಲ್ಲ’ ಎಂದು ಸೂರ್ಯನಾರಾಯಣರು ರೇಗಿಸಿದರೆ, ‘ಮಲಗಲಿ ಬಿಡ್ರಿ, ಆಫೀಸಿನಾಗ ಮಲಗಿದ್ರ ಅವನ ನೌಕರಿ ಹೋದೀತು’ ಎನ್ನುತ್ತಿದ್ದ.

ಮುಂದೆ ಜಯಂತ ಮೇಲೇರಿದ. ವಾಶಿ ಸ್ಟೇಷನ್ನಿನ ಹತ್ತಿರದ ಒಂದು ದೊಡ್ಡ ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಇಲಾಖೆಗೆ ಅವನೇ ಮುಖ್ಯಸ್ಥನಾದ. ಸುದ್ದಿ ಡಬ್ಬಿಯಲ್ಲಿ ಹರಡಲು ಎಷ್ಟು ಹೊತ್ತು. ನಮ್ಮ ಮೂಲೆ ನೌಕರಿ ಕಚೇರಿಯಾಯಿತು. ತಮ್ಮನಿಗೆ, ಅಳಿಯನಿಗೆ, ಸೋದರಮಾವನ ಮಗನಿಗೆ ಎಂದು ಜನ ಬಯೋಡೇಟಾ ಹಿಡಿದು ಬಂದರು. ರಬಾಳೆಯಲ್ಲಿ ಹತ್ತುತ್ತಿದ್ದ ಹೃಷೀಕೇಶ ಎಂಬವನು ದಿನವೂ ತನ್ನ ಭಾವಮೈದುನನ ಫೋಟೋ ತೋರಿಸುತ್ತಿದ್ದ, ಹೆಣ್ಣು ಕೇಳಲು ಬಂದವನ ಹಾಗೆ. ಜಯಂತ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂರತೊಡಗಿದ. ನಿದ್ದೆ ಬಾರದಿದ್ದರೂ ಮಲಗಿದಂತೆ ನಟಿಸುತ್ತಿದ್ದ.

ಒಂದು ದಿನ ರಾಜಶೇಖರ ಎದ್ದು ನಿಂತು, ಮೇಲಿನ ಹಿಡಿಕೆ ಹಿಡಿದುಕೊಂಡು, ಡಬ್ಬಿಗೆಲ್ಲ ಕೇಳುವಂತೆ ಹೇಳಿದ. ‘ಇವತ್ತಿನಿಂದ ಈ ಕಟ್ಟೀ ಮ್ಯಾಲ ಆಫೀಸಿನ ಮಾತಿಲ್ಲ. ನೌಕರಿ ಕೊಡೂ ಮಾತಿಲ್ಲ, ಬೇಡೂ ಮಾತಿಲ್ಲ. ಯಾರು ಎತ್ತತಾರ, ಅವರದು ಎಲ್ಲಾರಿಗೂ ಚಹಾ. ಅಂವ ಮಲಗಾಕ ಬರ್ತಾನ, ಮಲಗಲಿ.’ ಅದನ್ನೇ ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿ ಕೂತ.

ಕಟ್ಟಳೆ ಜಾರಿಗೆ ಬಂತು. ವಾಶಿ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಚಹಾದ ಗಾಡಿಯಿತ್ತು, ದಂಡ ಅಲ್ಲಿ ತೀರಬೇಕು. ಚಹಾ ಕುಡಿದು ಮುಗಿಯುವ ತನಕ ಡಬ್ಬಿ ಇಳಿದಂತಲ್ಲ, ಕಟ್ಟಳೆ ಅಲ್ಲಿಗೂ ಸಲ್ಲುತ್ತದೆ ಎಂಬ ಉಪಕಟ್ಟಳೆಯೂ ಬಂತು, ಏಕೆಂದರೆ ಸೂರ್ಯನಾರಾಯಣರು ದಂಡದ ಚಹಾ ಕುಡಿಯುತ್ತಲೇ ಆಡಿಟ್ಟಿನ ಗೋಳು ಶುರು ಮಾಡಿ ಇನ್ನೊಂದು ಸುತ್ತು ತೆರಬೇಕಾಯಿತು. ನನ್ನ ಸೇಠನನ್ನು ಬಯ್ದದ್ದಕ್ಕೆ ನಾನೂ ತೆತ್ತಿದ್ದೇನೆ. ನಗು, ಚೇಷ್ಟೆ, ಎಲ್ಲ ಇತ್ತು. ಜಯಂತ ಮತ್ತೆ ನಿಜವಾಗಿ ಮಲಗತೊಡಗಿದ.

ಹೋದ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ರಾಜಶೇಖರ ನನಗೆ ಸುದ್ದಿ ಹೇಳಿದ. ನಾನು ಕಲ್ಯಾಣದಲ್ಲಿ ಸ್ಲೋ ಲೋಕಲ್ ಹತ್ತುತ್ತೇನೆ, ಅವನು ಮುಂದಿನ ಠಾಕುರ್ಲಿಯಲ್ಲಿ. ಸೂರ್ಯನಾರಾಯಣರು ಡೊಂಬಿವಲಿಯಿಂದ ಫಾಸ್ಟ್ ಗಾಡಿಯಲ್ಲಿ ಬರುವುದರಿಂದ ಠಾಣೆಯ ತನಕ ನಾವಿಬ್ಬರೇ. ಕಟ್ಟಳೆ ವಾಶಿ ಗಾಡಿಗೆ ಮಾತ್ರ, ಕಲ್ಯಾಣದ ಗಾಡಿಗಲ್ಲ.

‘ದೇಜಪ್ಪಾರ, ನಮ್ಮ ಕಾರ್ಖಾನಿ ಗುಜರಾತಿಗೆ ಹೊಂಟೈತಿ. ಮಾರ್ಚ್ ಕಡೀಕ ಇಲ್ಲಿ ಕೀಲಿ ಹಾಕ್ತಾರ.’

‘ನಿಮ್ಮನ್ನು ಅಲ್ಲಿಗೆ ಕರೆಯುವುದಿಲ್ವಾ?’

‘ಹರೇದಾವ್ರನ್ನ ಕರದಾರ. ಐವತ್ತು ದಾಟಿದಾವ್ರಿಗೆ ಹಾರ ಹಾಕ್ತಾರಂತ.’

ಇನ್ನೊಂದು ಕೆಲಸ ಸಿಗದಿದ್ದರೆ ಏನು ಎಂಬುದನ್ನೂ ಅವನೇ ಹೇಳಿದ. ಗದಗಿನಲ್ಲಿ ಹೆಂಡತಿಯ ಅಣ್ಣ ರಾಯಪ್ಪನದು ಕಬ್ಬಿಣ ಸಿಮೆಂಟಿನ ಅಂಗಡಿ. ಗೋದಾಮು ನೋಡಿಕೊಂಡು ಇರು, ಮೇಲೆ ಎರಡು ಖೋಲಿ ಇವೆ, ಎಂದು ಅವನು ಆಗಲೇ ಹೇಳಿ ಕಳಿಸಿದ್ದ. ಮದುವೆಯಲ್ಲಿ ಕುದುರೆಯ ಮೇಲೆ ಕೂತು ಹೋದ ಮನೆಗೆ ಈಗ ಗೋದಾಮಿನ ಕೀಲಿಕೈ ಕಾಯಲು ಹೋಗಬೇಕು. ‘ಅಳಿಯಾ ಅಂತ ಎಲಿ ಹಾಕಿದಾವ್ರು, ಆಳಂತ ಅನ್ನ ಹಾಕ್ತಾರ’ ಎಂದ. ಮಗಳು ಪೂನಂಗೆ ಕನ್ನಡ ಓದಲು ಬಾರದು, ಗದಗೆಂದರೆ ಬೇಸಿಗೆಯ ರಜೆ ಅಷ್ಟೇ. ಆ ಹುಡುಗಿಯನ್ನು ಎಲ್ಲಿ ಒಯ್ದು ನೆಡುವುದು ಎಂಬ ಚಿಂತೆ ಬೇರೆ. ಈ ಮಾತು ಕಟ್ಟೆಯ ಮೇಲೆ ಬರಕೂಡದು ಎಂದು ನನ್ನಿಂದ ಭಾಷೆ ತೆಗೆದುಕೊಂಡ.

ನೌಕರಿ ಹುಡುಕುವ ಕೆಲಸಕ್ಕೆ ಪೂನಂ ನಿಂತಳು. ಆ ಭಾನುವಾರ ನಾನು ಅವರ ಮನೆಗೆ ಹೋಗಿದ್ದೆ, ಗಿರ್ಮಿಟ್ ತಿನ್ನಲು ಎಂದು ಕರೆದಿದ್ದರು. ಉದ್ಯೋಗದಲ್ಲಿರುವವರೆಲ್ಲ ಒಬ್ಬರಿಗೊಬ್ಬರು ಕೈಕುಲುಕುವ ಜಾಲತಾಣವೊಂದಿದೆಯಲ್ಲ, ಅದರಲ್ಲಿ ಅಪ್ಪನಿಗೆ ಖಾತೆ ತೆರೆದು ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಂದ ಬರುವುದು ಹಿಂದಿ. ಹೆಸರಿನ ಪಕ್ಕದ ಅಂಕಿ ಒಂದಾದರೆ ನೇರ ಪರಿಚಯ, ಎರಡಾದರೆ ಪರಿಚಯದವರ ಪರಿಚಯ, ಮೂರಾದರೆ ಅದಕ್ಕೂ ಆಚೆಯದು ಎಂದು ತೋರಿಸುತ್ತಿದ್ದಳು.

‘ಪಪ್ಪಾ, ದೇಖೋ. ಹರ್ ನಾಮ್ ಕೇ ಬಾಜೂ ಮೇ ನಂಬರ್ ಹೈ. ಫಸ್ಟ್ ಮತ್ಲಬ್ ಸೀಧಾ ಆಪ್ ಸೇ ಜುಡಾ. ಸೆಕೆಂಡ್ ಮತ್ಲಬ್ ಉಸ್ಕಾ ಪೆಹಚಾನ್‌ವಾಲಾ. ಥರ್ಡ್ ಮತ್ಲಬ್ ಉಸ್ಕಾ ಭೀ ಪೆಹಚಾನ್‌ವಾಲಾ.’

‘ತಿಳೀತ, ತಿಳೀತ,’ ಎಂದ ರಾಜಶೇಖರ. ‘ಒಂದನೇದಾವ ಅಂದ್ರ ಮನೀ ಮಂದಿ. ಎರಡನೇದಾವ ಅಂದ್ರ ಬೀಗರು. ಮೂರನೇದಾವ ಅಂದ್ರ ಬೀಗರ ಬೀಗರು. ಲಗ್ನಪತ್ರಿಕಾ ಮನೀಗೆ ಹೋಗಿ ಕುಂಕುಮ ಹಚ್ಚಿ ಕೊಡಬೇಕೋ, ಪೋಸ್ಟಿಗೆ ಹಾಕಿದ್ರ ನಡೀತೈತೋ, ಅದರ ಲೆಕ್ಕ ಇದು. ಇದನ್ನ ನಮಗ ಕಲಿಸ್ತಾರ?’

ನಾವೆಲ್ಲ ನಕ್ಕೆವು. ಅವನು ತಾನೇ ಬೆರಳೂರಿ ಜಯಂತನ ಹೆಸರು ಹುಡುಕಿದ. ಕೋಟು ಹಾಕಿಕೊಂಡ ಜಯಂತನ ಫೋಟೋ ಬಂತು, ಕೆಳಗೆ ಅವನ ಕಂಪನಿಗೆ ಸ್ಟೋರ್ಸ್ ನೋಡಿಕೊಳ್ಳುವವರು ಬೇಕು ಎಂಬ ಜಾಹೀರಾತು. ಹೆಸರಿನ ಪಕ್ಕದಲ್ಲಿ ಮೂರು ಎಂದಿತ್ತು.

‘ಏ, ಇದು ತಪ್ಪೈತಿ,’ ಎಂದ. ‘ಇನ್ನೊಮ್ಮೆ ನೋಡವಾ.’

ಪೂನಂ ಇನ್ನೊಮ್ಮೆ ನೋಡಿದಳು. ಮೂರೇ.

‘ದಿನಾ ನನ್ನ ಹೆಗಲ ಮ್ಯಾಲ ಜೊಲ್ಲು ಸುರಿಸಾಂವ ಬೀಗರ ಬೀಗ ಹ್ಯಾಂಗ ಆಗ್ತಾನ?’

‘ಉಸ್ಕೋ ಟ್ರೇನ್ ನಹೀ ದಿಖ್ತಾ ಪಪ್ಪಾ’ ಎಂದಳು ಪೂನಂ. ಅದಕ್ಕೆ ಟ್ರೇನು ಕಾಣುವುದಿಲ್ಲ ಎಂದು ಅವಳು ಹೇಳಿದ್ದು ಕಂಪ್ಯೂಟರಿನ ವಿಷಯ.

ನನಗೆ ಸಿಟ್ಟು ಬಂತು. ‘ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ನಾಳೆ ಬೆಳಿಗ್ಗೆ ಪಕ್ಕದಲ್ಲಿ ಕೂರುವವನನ್ನು ಬಾಯಿಬಿಟ್ಟು ಕೇಳಿ ಮಾರಾಯ್ರೇ’ ಎಂದೆ.

‘ಕಟ್ಟಳಿ ಹಾಕಿದಾವ ನಾನ.’

‘ದಂಡದ ಚಹಾ ನಾನು ಕೊಡಿಸುತ್ತೇನೆ, ನೀವು ಕೇಳಿ.’

‘ಚಹಾದ ಮಾತಲ್ರಿ ಅದು. ನಾ ಕೇಳಿದ್ನೆಪಾ ಅಂದ್ರ ಅಂವ ಮರುದಿನ ನನ್ನ ಹೆಗಲ ಮ್ಯಾಲ ಮಲಗಂಗಿಲ್ಲ. ನಾನೂ ಹೃಷೀಕೇಶನ ಸಾಲಿನಾಗ ನಿಂತಂಗ. ಇದರಾಗ ಕೇಳಿದ್ರ ಹಂಗಲ್ಲ. ಇದು ಇರೂದ ಕೇಳಾಕ. ಇಲ್ಲಿದು ಇಲ್ಲೇ, ಗಾಡೀದು ಗಾಡ್ಯಾಗ.’

ಅವನು ಅಲ್ಲಿ ತಪ್ಪಿದ ಎಂದು ಈಗ ಹೇಳುವುದು ಸುಲಭ. ಆಗ ಆ ಮಾತು ನನಗೂ ಸರಿಯೇ ಎನ್ನಿಸಿತು.

ಬೀಗರ ಬೀಗರ ಹತ್ತಿರ ನೇರ ಹೋಗುವುದು ಅವನ ಪದ್ಧತಿಯಲ್ಲ. ನಡುವಿನವರು ಬೇಕು. ಸೂರ್ಯನಾರಾಯಣರೂ ಆ ತಾಣದಲ್ಲಿದ್ದರು, ಜಯಂತನಿಗೆ ಅವರು ಒಂದನೆಯವರು. ರಾಜಶೇಖರ ಅವರಿಗೆ ಕೋರಿಕೆ ಕಳಿಸಿದ, ಅವರು ಸಂಜೆಗೇ ಒಪ್ಪಿದರು. ಮರುದಿನ ಠಾಕುರ್ಲಿಯಲ್ಲಿ ಹತ್ತಿದವನು ಉಸಿರು ಬಿಡುವ ಮೊದಲೇ ಫೋನು ತೋರಿಸಿದ. ಜಯಂತನ ಹೆಸರಿನ ಪಕ್ಕ ಈಗ ಎರಡು.

‘ಬೀಗರತನಕಾ ಬಂದೆ ನೋಡ್ರಿ’ ಎಂದ. ಮುಖದಲ್ಲಿ ನಿಜವಾದ ಸಂತೋಷವಿತ್ತು. ಇನ್ನರ್ಧ ಗಂಟೆಯಲ್ಲಿ ಅದೇ ಮನುಷ್ಯ ಇವನ ತೋಳಿಗೆ ತೋಳು ತಾಗಿಸಿ ಕೂರಲಿದ್ದ.

ಠಾಣೆಯ ಸೇತುವೆಯ ಮೇಲೆ ಸೂರ್ಯನಾರಾಯಣರು ಸಿಕ್ಕರು. ರಾಜಶೇಖರ ಅವರನ್ನು ಕಂಬದ ಪಕ್ಕಕ್ಕೆ ಕರೆದು, ಮದುವೆ ಮಾತು ಎತ್ತುವವನ ಹಾಗೆ ಗಂಟಲು ಸರಿಮಾಡಿಕೊಂಡು ಹೇಳಿದ. ‘ಸೂರ್ಯನಾರಾಯಣರ, ಆ ತಾಣದೊಳಗ ಜಯಂತಗ ಒಂದೀಟು ನನ್ನ ಪರಿಚಯ ಮಾಡಿಸಿಕೊಡ್ರಿ. ನಡುವಿನಾವ್ರು ಬರದ್ರ ಮರ್ಯಾದಿ ಇರ್ತೈತಿ.’

ಸೂರ್ಯನಾರಾಯಣರು ಸೇತುವೆಯೇ ಅಲುಗುವಂತೆ ನಕ್ಕರು. ‘ನಿಮ್ಮಿಬ್ಬರಿಗೆ ನಾನು ಪರಿಚಯ ಮಾಡಿಸ್ಬೇಕಾ? ಮಕ್ಕಳಾದ ಮೇಲೆ ಗಂಡ ಹೆಂಡತಿಗೆ ದಲ್ಲಾಳಿ ಹುಡುಕಿದ ಹಾಗಾಯ್ತು. ಒಳ್ಳೆ ತಮಾಷೆ ಮಾಡ್ತೀರಿ ಬಿಡಿ.’

ಯಾಕೆ, ಏನು ಎಂದು ಅವರು ಕೇಳಲಿಲ್ಲ. ಇವನೂ ಹೇಳಲಿಲ್ಲ. ಗಾಡಿ ಬಂತು, ನಾವು ಓಡಿದೆವು.

ಕಡೆಗೆ ಅವನೇ ಕೋರಿಕೆ ಕಳಿಸಿದ. ಜೊತೆಗೆ ನಾಲ್ಕು ಸಾಲು ಬರೆಯಲು ಅಲ್ಲಿ ಜಾಗವಿರುತ್ತದಂತೆ, ಅದೂ ಅಳತೆಯ ಜಾಗ. ಪೂನಂ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಇಷ್ಟು ವರ್ಷಗಳ ಅನುಭವ, ಇಂಥ ಕೆಲಸ, ಅವಕಾಶವಿದ್ದರೆ ತಿಳಿಸಿ. ‘ನಾವು ದಿನಾ ಕೂಡಿ ಹೋಗಾವ್ರು’ ಎಂಬ ಸಾಲನ್ನು ಇವನು ಸೇರಿಸಿದ್ದ. ಜಾಗ ಸಾಲದೆ ಅವಳು ಅದನ್ನು ತೆಗೆದಳು, ಅಂಥದ್ದೆಲ್ಲ ಅಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದೂ ಹೇಳಿದಳು. ಮೊದಲಿಗೆ ‘ರೆಸ್ಪೆಕ್ಟೆಡ್ ಸರ್’ ಎಂದು ಹಾಕಿದ್ದು ಮಾತ್ರ ರಾಜಶೇಖರನೇ. ಬೇಡುವ ಕಾಗದದಲ್ಲಿ ‘ಏ ಜಯಂತಾ’ ಎನ್ನಲು ಆಗುತ್ತದೆಯೇ.

ಆಮೇಲೆ ಕಾಯುವ ದಿನಗಳು ಬಂದವು. ಜಯಂತ ಎಂದಿನಂತೆ ಬರುತ್ತಿದ್ದ, ಸೂರ್ಯನಾರಾಯಣರ ಟೊಪ್ಪಿಗೆಯನ್ನು ಗೇಲಿ ಮಾಡುತ್ತಿದ್ದ, ರಾಜಶೇಖರನ ಡಬ್ಬಿಯಿಂದ ಶೇಂಗಾ ಹೋಳಿಗೆ ಕದಿಯುತ್ತಿದ್ದ, ಐರೋಳಿ ದಾಟಿದೊಡನೆ ಮಲಗುತ್ತಿದ್ದ. ಅವನ ಕಿಸೆಯಲ್ಲಿದ್ದ ಫೋನಿನೊಳಗೆ ಇವನ ಅರ್ಜಿ ಇತ್ತು. ಹೆಗಲ ಮೇಲೆ ತಲೆಯಿದೆ, ತಲೆಯ ಒಳಗೆ ಏನಿದೆಯೋ ತಿಳಿಯದು. ರಾಜಶೇಖರ ತುಂಬಿದ ಕೊಡ ಹೊತ್ತವನ ಹಾಗೆ ನೆಟ್ಟಗೆ ಕೂತಿರುತ್ತಿದ್ದ. ಮುಂಚೆ ತಾನೂ ತೂಕಡಿಸುತ್ತಿದ್ದವನು, ಆ ದಿನಗಳಲ್ಲಿ ಒಮ್ಮೆಯೂ ಕಣ್ಣು ಮುಚ್ಚಿದ್ದನ್ನು ನಾನು ಕಾಣಲಿಲ್ಲ.

ಒಂದು ಶುಕ್ರವಾರ ಒಪ್ಪಿಗೆ ಬಂತು. ಶನಿವಾರ ಬೆಳಿಗ್ಗೆ ನನಗೆ ತೋರಿಸಿದ. ಜಯಂತನ ಹೆಸರಿನ ಪಕ್ಕ ಒಂದು. ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು. ಸಂಪರ್ಕಕ್ಕೆ ಧನ್ಯವಾದ, ದಯವಿಟ್ಟು ನಿಮ್ಮ ವಿವರಗಳನ್ನು ಕಂಪನಿಯ ವೆಬ್‌ಸೈಟಿನಲ್ಲಿ ಸಲ್ಲಿಸಿ. ಅದು ಎಲ್ಲರಿಗೂ ಹೋಗುವ ಸಿದ್ಧ ಉತ್ತರ ಎಂಬುದು ನನ್ನಂಥ ಬಟಾಟೆ ವ್ಯಾಪಾರದವನಿಗೂ ತಿಳಿಯಿತು.

‘ಒಂದನೇದಾವ ಆದ’ ಎಂದ ರಾಜಶೇಖರ. ‘ಮನೀ ಮಂದಿ. ಸೋಮವಾರ ಏನಂತಾನ ನೋಡೂಣು.’

ಸೋಮವಾರ ಜಯಂತ ಬರಲಿಲ್ಲ. ಮಂಗಳವಾರವೂ ಇಲ್ಲ. ಮಗುವಿಗೆ ಜ್ವರವಿರಬೇಕು ಎಂದರು ಸೂರ್ಯನಾರಾಯಣರು. ರಾಜಶೇಖರ ಪಕ್ಕದ ಜಾಗಕ್ಕೆ ಕರವಸ್ತ್ರ ಹಾಸಿ ಕಾದ. ಗಾಡಿ ಹೊರಟ ಮೇಲೂ ಅದನ್ನು ತೆಗೆಯಲಿಲ್ಲ, ಐರೋಳಿ ದಾಟಿದ ಮೇಲೆ ಮಡಿಚಿ ಕಿಸೆಗಿಟ್ಟು ನಿಂತವರೊಬ್ಬರನ್ನು ಕೂರಿಸಿದ. ಆ ವಾರ ಪೂರ್ತಿ ಹೀಗೇ ನಡೆಯಿತು. ತಾಣದಲ್ಲಿ ಮಾತ್ರ ಜಯಂತ ದಿನವೂ ಇದ್ದ. ಆಫೀಸಿನ ಸಂಕ್ರಾಂತಿ ಕೂಟದಲ್ಲಿ ಎಳ್ಳು ಬೆಲ್ಲ ಹಂಚುತ್ತ ನಗುವ ಫೋಟೋ ಹಾಕಿದ್ದ, ತಂಡವೆಂದರೆ ಕುಟುಂಬ ಎಂದು ಬರೆದುಕೊಂಡಿದ್ದ. ರಾಜಶೇಖರ ಅದಕ್ಕೆ ಮೆಚ್ಚುಗೆ ಒತ್ತಿದ.

ಅವನನ್ನು ಕಂಡವನು ನಾನು. ಠಾಣೆಯ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿಯಲ್ಲಿ, ಕಟ್ಟಕಡೆಯ ಡಬ್ಬಿಗೆ ನುಗ್ಗುತ್ತಿದ್ದ. ಈಗ ಎಕ್ಸ್‌ಕ್ಯೂಸ್ ಮಿ ಎನ್ನುವುದಿಲ್ಲ, ಚೆನ್ನಾಗಿ ಕಲಿತಿದ್ದಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ನನ್ನ ರಕ್ತ ಕುದಿಯಿತು. ಮರುದಿನ ಕಟ್ಟೆಗೆ ಹೋಗದೆ ನಾನೂ ಆ ಡಬ್ಬಿಗೇ ಹತ್ತಿದೆ. ಗಾಡಿ ಬಿಟ್ಟ ಮೇಲೆ ಅವನು ನನ್ನನ್ನು ನೋಡಿದ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

‘ದೇಜಪ್ಪಣ್ಣ, ಬಯ್ಯೋದಾದ್ರೆ ಬಯ್ದುಬಿಡಿ’ ಎಂದ ಮೆಲ್ಲಗೆ.

‘ಬಯ್ಯಲಿಕ್ಕೆ ಎಂತ ಉಂಟು? ಒಂದು ಅರ್ಜಿಗೆ ಹೆದರಿ ಡಬ್ಬಿ ಬಿಟ್ಟವರನ್ನು ನಾನು ಇದೇ ಮೊದಲು ನೋಡುವುದು.’

‘ಆ ಪೋಸ್ಟೇ ಇಲ್ಲ ಅಣ್ಣ. ಜಾಹೀರಾತು ಸುಮ್ನೆ ಇದೆ. ಕಂಪನಿ ಬೆಳೀತಿದೆ ಅಂತ ಕಾಣ್ಬೇಕಂತೆ, ತೆಗೀಬೇಡ ಅಂದಿದಾರೆ.’

‘ಹಾಗಂತ ಅವರಿಗೆ ಹೇಳಬಹುದಿತ್ತಲ್ಲ?’

‘ಎಲ್ಲಿ ಹೇಳ್ಲಿ? ಅಲ್ಲಿ ಬರೆದು ಯಾರಾದ್ರೂ ನೋಡಿದ್ರೆ ನನ್ ಕೆಲಸ ಹೋಗುತ್ತೆ. ಗಾಡೀಲಿ ಹೇಳೋಣ ಅಂದ್ರೆ ರೂಲು. ಇನ್ನೊಂದೆರಡು ತಿಂಗಳಲ್ಲಿ ನಮ್ಮಲ್ಲೇ ಅರ್ಧ ಜನರನ್ನ ಮನೆಗೆ ಕಳಿಸ್ತಾರೆ. ಒಬ್ಬೊಬ್ಬರನ್ನೇ ಕರೆದು ಹೇಳೋನು ನಾನು. ಕೊನೇಲಿ ನನ್ನನ್ನೂ ಯಾರೋ ಕರೀತಾರೆ.’ ಅವನು ಕಿಟಕಿಯ ಕಡೆ ತಿರುಗಿದ. ‘ರೆಸ್ಪೆಕ್ಟೆಡ್ ಸರ್ ಅಂತ ಬರೆದಿದ್ರು ಅಣ್ಣ. ರಾಜಣ್ಣ. ನನಗೆ. ಅದನ್ನ ಓದಿದ ಮೇಲೆ ಅವರ ಹೆಗಲ ಮೇಲೆ ಹೇಗೆ ಮಲಗಲಿ?’

‘ಮಲಗಲು ಆಗದಿದ್ದರೆ ಎದ್ದು ಕೂತು ಮಾತಾಡಬೇಕಿತ್ತು. ಹೆಚ್ಚೆಂದರೆ ಒಂದು ಸುತ್ತು ಚಹಾ ಆಗುತ್ತಿತ್ತು’ ಎಂದೆ.

ಅವನ ಮುಖ ನೋಡಿ ನನಗೆ ಕನಿಕರ ಬಂತು, ಆದರೆ ಕೋಪ ಇಳಿಯಲಿಲ್ಲ. ಇಂದಿಗೂ ಇಳಿದಿಲ್ಲ. ಕೊಡಲು ಕೆಲಸವಿಲ್ಲದಿರುವುದು ತಪ್ಪಲ್ಲ. ಇಲ್ಲ ಎಂದು ಹೇಳಲು ಮುಖವಿಲ್ಲದೆ ಸಿದ್ಧ ಉತ್ತರ ಕಳಿಸಿ ಓಡುವುದು, ಅದೂ ಅಂಟಿನುಂಡೆ ತಿಂದ ಮನೆಗೆ, ಅದನ್ನು ನಾನು ಕ್ಷಮಿಸಲಾರೆ. ಆಫೀಸಿನ ಸಂಗತಿ ಯಾರಿಗೂ ಹೇಳಬೇಡಿ ಎಂದು ಅವನೂ ಭಾಷೆ ತೆಗೆದುಕೊಂಡ. ಊರವರ ಗುಟ್ಟನ್ನೆಲ್ಲ ತುಂಬಿಡಲು ನಾನೇನು ದೇವಸ್ಥಾನದ ಹುಂಡಿಯೋ, ಗೊತ್ತಾಗಲಿಲ್ಲ.

ರಾಜಶೇಖರನಿಗೆ ನಾನು ಹೇಳದೆಯೇ ತಿಳಿದಿತ್ತು ಎಂದು ಕಾಣುತ್ತದೆ. ಕರವಸ್ತ್ರ ಹಾಸುವುದನ್ನು ಅವನು ತಾನಾಗಿಯೇ ಬಿಟ್ಟ. ಬೇರೆ ಕಡೆಗಳಿಗೂ ಅರ್ಜಿ ಹಾಕುತ್ತಿದ್ದ, ಅಲ್ಲೆಲ್ಲ ಅದೇ ಸಿದ್ಧ ಉತ್ತರ ಅಥವಾ ಅದೂ ಇಲ್ಲ. ಮಾರ್ಚ್ ಬಂತು. ಕಟ್ಟೆಯಲ್ಲಿ ಅವನು ಇಷ್ಟೇ ಹೇಳಿದ. ‘ಸಾಕಾತ್ರಿ ಮುಂಬಯಿ. ನೌಕರಿ ಬಿಟ್ಟು ಊರಿಗೆ ಹೊಂಟೇನಿ.’ ಎಲ್ಲರೂ ಹೊಟ್ಟೆಕಿಚ್ಚು ಪಟ್ಟರು. ಪುಣ್ಯವಂತರು ನೀವು ಎಂದು ಸೂರ್ಯನಾರಾಯಣರು ಕೈ ಹಿಡಿದು ಕುಲುಕಿದರು. ಅವನು ನಕ್ಕ. ನಾನು ಕಿಟಕಿಯ ಹೊರಗೆ ನೋಡಿದೆ.

ಡಬ್ಬಿ ಬಿಟ್ಟು ಹೋಗುವವರಿಗೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಕಡೆಯ ದಿನ ಕಿಟಕಿಗೆ ಹೂವು ಕಟ್ಟಬೇಕು, ಹೋಗುವವರಿಗೆ ಹಾರ ಹಾಕಿ ಪೇಡೆ ಹಂಚಬೇಕು, ತಮ್ಮ ಸೀಟು ಯಾರಿಗೆ ಎಂದು ಅವರೇ ಹೇಳಬೇಕು. ಮರಾಠಿಯವರು ಗಣಪತಿಯ ಆರತಿ ಹಾಡಿದರು. ರಾಜಶೇಖರ ಹಾರ ಹಾಕಿಕೊಂಡು ಕೂತಿದ್ದ, ಪಕ್ಕದ ಜಾಗ ಖಾಲಿಯಿತ್ತು. ಅಂದು ಅಲ್ಲಿ ಯಾರೂ ಕೂರಲಿಲ್ಲ.

ಕೋಪರ್‌ಖೈರಣೆ ದಾಟಿದಾಗ ಅವನ ಫೋನು ಟಿಂಗ್ ಎಂದಿತು. ತೆಗೆದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನನಗೆ ಕೊಟ್ಟ. ಆ ತಾಣದಿಂದ ಬಂದದ್ದು. ಅವನು ಆ ಕಾರ್ಖಾನೆಗೆ ಸೇರಿ ಮತ್ತೊಂದು ವರ್ಷ ತುಂಬಿತು ಎಂದು ಅದು ತಾನಾಗಿಯೇ ಎಲ್ಲರಿಗೂ ಡಂಗುರ ಸಾರಿತ್ತು. ಕೆಳಗೆ ಜಯಂತನ ಹೆಸರು, ಒಂದನೆಯವನು, ‘ಅಭಿನಂದನೆಗಳು, ಹೀಗೇ ಮುಂದುವರಿಯಿರಿ’ ಎಂಬ ಇಂಗ್ಲಿಷ್ ಸಾಲು. ಅದೂ ಒತ್ತಿದರೆ ಹೋಗುವ ಸಿದ್ಧ ಸಾಲೇ. ಅದೇ ಗಾಡಿಯ ಕಟ್ಟಕಡೆಯ ಡಬ್ಬಿಯಿಂದ ಬಂದಿತ್ತು.

ರಾಜಶೇಖರ ಫೋನು ಇಸಿದುಕೊಂಡು ಕಿಸೆಗೆ ಹಾಕಿದ. ಎದ್ದು ನಿಂತು, ಅಂದು ಕಟ್ಟಳೆ ಹೇಳುವಾಗ ಹಿಡಿದ ಅದೇ ಹಿಡಿಕೆ ಹಿಡಿದ. ಸೀಟು ಯಾರಿಗೆ ಎಂದು ಹೇಳುತ್ತಾನೆ ಎಂದು ಎಲ್ಲರೂ ತಲೆಯೆತ್ತಿದರು.

‘ನಾ ನೌಕರಿ ಬಿಟ್ಟಿಲ್ಲ,’ ಎಂದ. ‘ನೌಕರಿ ನನ್ನ ಬಿಟ್ಟೈತಿ. ಕಾರ್ಖಾನಿ ಇವತ್ತು ಬಾಗಲಾ ಹಾಕ್ತೈತಿ. ನನಗ ಕೆಲಸ ಬೇಕು. ಯಾರರ ಕಡೆ ಇದ್ರ ಹೇಳ್ರಿ. ಆಫೀಸಿನ ಮಾತು ಎತ್ತೀನಿ, ಚಹಾ ನಂದು.’

ಸೂರ್ಯನಾರಾಯಣರ ಕೈಯಲ್ಲಿ ಅರ್ಧ ಪೇಡೆ ಹಾಗೇ ಉಳಿಯಿತು. ಅವರು ತುರ್ಭೆಯಲ್ಲೂ ಏನೂ ಹೇಳಲಿಲ್ಲ, ಸಾನ್‌ಪಾಡಾದಲ್ಲೂ ಹೇಳಲಿಲ್ಲ.

ವಾಶಿಯಲ್ಲಿ ಮೆಟ್ಟಿಲ ಕೆಳಗೆ ಗಾಡಿಯವನು ಎಲ್ಲರಿಗೂ ಚಹಾ ಕೊಟ್ಟ. ರಾಜಶೇಖರ ಹಾರ ತೆಗೆದು ಚೀಲಕ್ಕೆ ತುರುಕಿದ್ದ. ಕಾರ್ಖಾನೆಯ ಬಸ್ಸು ರಸ್ತೆಯಾಚೆ ನಿಂತಿತ್ತು, ಕೀಲಿ ಒಪ್ಪಿಸಲು ಅವನು ಹೋಗಬೇಕಿತ್ತು. ಆಗ ಸೂರ್ಯನಾರಾಯಣರು ಲೋಟ ನೋಡುತ್ತಲೇ ಬಾಯಿ ತೆರೆದರು.

‘ರಾಜಶೇಖರ್, ಡಿಸೆಂಬರಿನಲ್ಲಿ ನಮ್ಮ ಕೋಲ್ಡ್ ಸ್ಟೋರೇಜಿಗೆ ಒಬ್ಬ ಸ್ಟೋರ್ಸ್ ಮ್ಯಾನೇಜರ್ ಬೇಕಾಗಿದ್ರು. ವಯಸ್ಸಾದವರಾದ್ರೂ ಸರಿ, ನಂಬಿಕಸ್ಥರು ಬೇಕು, ಯಾರಾದ್ರೂ ಗೊತ್ತಿದ್ರೆ ಹೇಳಿ ಅಂತ ನಮ್ಮ ಯಜಮಾನರು ನನ್ನನ್ನೇ ಕೇಳಿದ್ರು. ಗಾಡೀಲಿ ಕೇಳೋಣ ಅಂತ ಬಾಯಿತನಕ ಬಂದಿತ್ತು. ನಿಮ್ಮ ರೂಲು ನೆನಪಾಯ್ತು. ಆಮೇಲೆ ಯಾರನ್ನೋ ತಗೊಂಡ್ರು. ನೀವು ಸೇತುವೆ ಮೇಲೆ ನನ್ನನ್ನ ಕರೆದ ವಾರವೇ ಅದು.’

ನಾನು ರಾಜಶೇಖರನ ಮುಖ ನೋಡಿದೆ. ಅವನು ಲೋಟದಲ್ಲಿ ಉಳಿದಿದ್ದ ಚಹಾವನ್ನು ಸುತ್ತ ತಿರುಗಿಸಿದ.

‘ಸೂರ್ಯನಾರಾಯಣರ,’ ಎಂದ, ‘ಚಹಾ ಇನ್ನೂ ಮುಗದಿಲ್ಲ. ಆಫೀಸಿನ ಮಾತಾಡಿದ್ರಿ. ಇನ್ನೊಂದು ಸುತ್ತು ನಿಮ್ಮದು.’

ಸೂರ್ಯನಾರಾಯಣರು ಕಿಸೆಗೆ ಕೈ ಹಾಕಿ ಗಾಡಿಯವನಿಗೆ ಹೇಳಿದರು. ಗಾಡಿಯವನು ಲೋಟಗಳನ್ನು ಸಾಲಾಗಿ ಇಟ್ಟು ತುಂಬಿದ. ರಾಜಶೇಖರ ರಸ್ತೆ ದಾಟಿ ಬಸ್ಸು ಹತ್ತಿದ. ಆ ಚಹಾವನ್ನು ನಮ್ಮಲ್ಲಿ ಯಾರೂ ಮುಟ್ಟಲಿಲ್ಲ.